ಒಲೆಯ ಮೂಲೆಯಲ್ಲಿ ಫ್ರಿಜ್ಜು

ಬೆಂಕಿಯನ್ನು ಮನೆಯೊಳಕ್ಕೆ ತಂದು ಕೂರಿಸಿದ ದಿನವೇ ಮನುಷ್ಯನ ನಾಗರಿಕತೆ ಆರಂಭವಾಯಿತೆಂದು ಬಲ್ಲವರು ಹೇಳುತ್ತಾರೆ. ನಾನೂ ಒಪ್ಪುತ್ತೇನೆ. ನಮ್ಮ ಮನೆಯಲ್ಲಿ ಮಾತ್ರ ಆ ನಾಗರಿಕತೆ ಬೆಂಕಿಯನ್ನು ಎಬ್ಬಿಸಿ ಹೊರಗೆ ಹಾಕಿದ ದಿನ ಇನ್ನೊಂದು ಮೆಟ್ಟಿಲು ಏರಿತು. ಎಂಟನೆಯ ದಿನ ಹಾಲು ಒಡೆಯಿತು.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಚಾಮರಾಜಪೇಟೆಯ ನಮ್ಮ ಮನೆ ಉದ್ದಕ್ಕೆ ಧಾರಾಳ, ಅಗಲಕ್ಕೆ ಜಿಪುಣ. ಪಡಸಾಲೆ, ನಡುಮನೆ, ಅಡುಗೆಮನೆ, ಹಿತ್ತಲು ಎಲ್ಲವೂ ಒಂದರ ಬೆನ್ನಿಗೊಂದು ನಿಂತಿದ್ದವು. ಬಾಗಿಲಲ್ಲಿ ನಿಂತು ಕೆಮ್ಮಿದರೆ ಹಿತ್ತಲಿನ ಕರಿಬೇವಿನ ಗಿಡದವರೆಗೂ ಸುದ್ದಿ ಹೋಗುತ್ತಿತ್ತು. ಆ ಮನೆಯಲ್ಲಿ ಅವ್ವ, ನಾನು, ನನ್ನ ಹೆಂಡತಿ ಮತ್ತು ಯಾರಿಗೂ ಸೇರದ ಒಂದು ಬೂದುಬಣ್ಣದ ಬೆಕ್ಕು. ನಾನು ಸರ್ಕಾರಿ ಕಚೇರಿಯಲ್ಲಿ ಕಡತ ನೋಡುವವನು. ಹೆಂಡತಿ ಶಾಲೆಯಲ್ಲಿ ಟೀಚರು. ಬೆಳಿಗ್ಗೆ ಹೊರಡುವ ಮೊದಲೊಮ್ಮೆ, ಸಂಜೆ ಬಂದ ತಕ್ಷಣವೊಮ್ಮೆ, ಮಲಗುವ ಮುಂಚೆ ಇನ್ನೊಮ್ಮೆ ಹಾಲು ಕಾಯಿಸಿ ಕಾಯಿಸಿ ಆಕೆಯ ಮುಖ ಒಲೆಗಿಂತ ಮೊದಲು ಕಾಯುತ್ತಿತ್ತು. ಆದ್ದರಿಂದ ಫ್ರಿಜ್ಜು ಬೇಕೆಂದು ತೀರ್ಮಾನವಾಯಿತು. ತೀರ್ಮಾನ ಮಾಡಿದವಳು ಆಕೆ, ಸಹಿ ಹಾಕಿದವನು ನಾನು.

ಎಲ್ಲಿಡುವುದೆಂಬುದೇ ಪ್ರಶ್ನೆ. ಮಲ್ಲೇಶ್ವರದಲ್ಲಿದ್ದ ನಮ್ಮ ಮೇಲಧಿಕಾರಿಗಳ ಮನೆಯಲ್ಲಿ ಅದು ಪಡಸಾಲೆಯ ನಡುವೆ, ತಲೆಗೆ ಕಸೂತಿಯ ಬಟ್ಟೆ ಹೊದ್ದು, ಅದರ ಮೇಲೊಂದು ಪ್ಲಾಸ್ಟಿಕ್ ಗುಲಾಬಿ ಇಟ್ಟುಕೊಂಡು, ಶಾಸ್ತ್ರಕ್ಕೆ ಕೂರಿಸಿದ ಮದುಮಗನಂತೆ ನಿಂತಿತ್ತು. ನಮ್ಮ ಪಡಸಾಲೆಯಲ್ಲಿ ಅಂಥ ಮದುಮಗ ನಿಂತರೆ ಬೀಗರು ಬೀದಿಯಲ್ಲಿ ನಿಲ್ಲಬೇಕಾಗುತ್ತಿತ್ತು. ಅದೇ ಅಧಿಕಾರಿಗಳ ಮನೆಯ ಒಂದು ವಿದೇಶಿ ಪತ್ರಿಕೆಯಲ್ಲಿ ನಾನು ಆ ಚಿತ್ರ ನೋಡಿದ್ದೆ. ಗೋಡೆಯೊಳಗೇ ಕೂಡಿಸಿದ ಫ್ರಿಜ್ಜು. ಸುತ್ತ ಒಂದು ಬ್ಲೇಡು ತೂರುವಷ್ಟೂ ಸಂದಿಲ್ಲ. ಗೋಡೆಯೂ ಅದೂ ಅವಳಿಜವಳಿಯಂತಿದ್ದವು.

ನಮ್ಮ ಅಡುಗೆಮನೆಯ ಗೋಡೆಯಲ್ಲಿ ಅಂಥದೊಂದು ಗೂಡಿತ್ತು. ಅದರಲ್ಲಿ ಆಗಲೇ ಒಬ್ಬರು ವಾಸವಿದ್ದರು ಅಷ್ಟೆ. ಅದು ಅವ್ವನ ಸೌದೆ ಒಲೆಯ ಜಾಗ. ದೊಡ್ಡ ಒಲೆ, ಪಕ್ಕಕ್ಕೊಂದು ಕೋಡೊಲೆ, ಮೇಲೆ ಗೋಡೆಯೊಳಗಿಂದಲೇ ತಾರಸಿ ದಾಟಿ ಹೋಗುವ ಹೊಗೆಗೂಡು. ಅವ್ವ ಈ ಮನೆಗೆ ಸೊಸೆಯಾಗಿ ಬಂದಾಗ ಅವಳ ಅಣ್ಣ, ಅಂದರೆ ನನ್ನ ಸೋದರಮಾವ, ಊರಿನ ಕೆರೆಯ ಮಣ್ಣನ್ನೇ ಚೀಲದಲ್ಲಿ ತಂದು ತನ್ನ ಕೈಯಾರೆ ಕಟ್ಟಿಕೊಟ್ಟ ಒಲೆ, ಹೊಗೆಗೂಡು. ಗ್ಯಾಸು ಬಂದ ಮೇಲೆ ಅದಕ್ಕೆ ಕೆಲಸವಿರಲಿಲ್ಲ. ವರ್ಷಕ್ಕೊಂದೇ ದಿನ ಉರಿಯುತ್ತಿತ್ತು. ಅದು ವರ್ಷತೊಡಕಿನ ದಿನ.

ಯುಗಾದಿಯ ಮರುದಿನ, ಒಬ್ಬಟ್ಟಿನ ಸಿಹಿ ನಾಲಿಗೆಯಿಂದ ಇಳಿಯುವ ಮೊದಲೇ, ನಮ್ಮವರು ಮಾಂಸದಡುಗೆ ಮಾಡಿ ನೆಂಟರನ್ನು ಕೂರಿಸಿ ಉಣ್ಣುತ್ತಾರೆ. ಆ ದಿನ ಹೇಗೋ ವರ್ಷವೆಲ್ಲ ಹಾಗೆ ಎಂಬುದು ನಂಬಿಕೆ. ಆ ದಿನ ನಕ್ಕವನು ವರ್ಷವಿಡೀ ನಗುತ್ತಾನೆ, ಸಾಲ ಕೇಳಿದವನು ವರ್ಷವಿಡೀ ಕೇಳುತ್ತಾನೆ. ನಮ್ಮ ಮನೆಗೆ ಅಂದು ಊರಿನಿಂದ ಮೂವತ್ತು ಜನ ಬರುತ್ತಿದ್ದರು. ಮುಂದಾಳು ಮಾವ. ಅಪ್ಪ ಇಲ್ಲದ ನಮ್ಮ ಮನೆಗೆ ಮಾವನೇ ಹೈಕೋರ್ಟು.

"ಫ್ರಿಜ್ಜು ತರ್ತೀಯಾ, ತಗೊಂಬಾ. ನಾನೇನ್ ಬ್ಯಾಡ ಅಂದ್ನಾ?" ಅಂದಳು ಅವ್ವ. "ಪಡಸಾಲೇಲಿ ಮಡಿಕ್ಕೋ. ನನ್ನ ಒಲೆ ಮ್ಯಾಲೆ ಯಾಕ್ಲಾ ಕಣ್ಣು ನಿಂಗೆ?"

"ಪಡಸಾಲೇಲಿಟ್ರೆ ಬಂದವರು ಎಲ್ಲಿ ಕೂತ್ಕೋತಾರವ್ವಾ?"

"ಫ್ರಿಜ್ಜಿನೊಳಗೇ ಕೂತ್ಕಳ್ಲಿ. ತಂಪಾಗಿರ್ತದಂತಲ್ಲಾ."

ಮೂರು ವಾರ ಮಾತುಕತೆ ನಡೆಯಿತು. ಕೊನೆಗೆ ಅವ್ವ ಒಪ್ಪಿದ್ದು ಸೊಸೆಯ ಮುಖ ನೋಡಿ, ನನ್ನ ವಾದ ಕೇಳಿ ಅಲ್ಲ. ಒಪ್ಪಿಗೆಯ ಜೊತೆಗೆ ಒಂದು ಷರತ್ತೂ ಬಂತು. ಹಬ್ಬದ ಹೊತ್ತಿಗೆ ಹಾಲಿಗೆ ಬರ ಬರುವುದರಿಂದ ಮೂವತ್ತು ಜನರ ಮೊಸರಿಗೆ ಮುಂಚೆಯೇ ಹಾಲು ಹಿಡಿದು ಹೆಪ್ಪು ಹಾಕಬೇಕಿತ್ತು. ಬೇಸಿಗೆಯ ಸೆಕೆಗೆ ಅದು ಪ್ರತಿ ವರ್ಷ ಹುಳಿಯಾಗುತ್ತಿತ್ತು. ಮಾವ ಪ್ರತಿ ವರ್ಷ ಒಂದು ಗುಟುಕು ಕುಡಿದು ಒಂದು ಕಣ್ಣು ಮುಚ್ಚುತ್ತಿದ್ದರು. ಫ್ರಿಜ್ಜಿನಲ್ಲಿಟ್ಟ ಮೊಸರು ತೊಡಕಿನ ದಿನ ಸಿಹಿಯಾಗಿದ್ದರೆ ಆ ಜಾಗ ಫ್ರಿಜ್ಜಿನದು. ಹುಳಿಯಾದರೆ ಮಾವ ಹೇಗೂ ಬಂದಿರುತ್ತಾರೆ, ಮಾರನೆಯ ದಿನವೇ ಒಲೆ ಮತ್ತೆ ಕಟ್ಟಬೇಕು. "ಆಮ್ಯಾಕೆ ಆ ಪೆಟ್ಟಿಗೇಲಿ ನಿನ್ನ ಆಫೀಸು ಕಾಗದ ತುಂಬ್ಕೋ" ಎಂದು ಉಪವಾಕ್ಯವನ್ನೂ ಸೇರಿಸಿದಳು.

ಒಲೆ ಒಡೆದ ದಿನ ಅವ್ವ ಅಳಲಿಲ್ಲ. ಉಳಿದ ಬೂದಿಯನ್ನು ಮೊರಕ್ಕೆ ತೋಡಿಕೊಂಡು ಹೋಗಿ ಕರಿಬೇವಿನ ಬುಡಕ್ಕೆ ಸುರಿದಳು. ಬೂದಿಯ ಬೆಚ್ಚನೆಯ ನೆನಪಿನಲ್ಲಿ ಆ ಗೂಡಿನಲ್ಲೇ ಮಲಗುತ್ತಿದ್ದ ಬೆಕ್ಕು ಗಾರೆ ಮೇಸ್ತ್ರಿಯನ್ನು ಒಮ್ಮೆ ನೋಡಿ, ಮನೆ ಬಿಟ್ಟು ಕಾಂಪೌಂಡಿನ ಮೇಲೆ ವಾಸಕ್ಕೆ ಹೋಯಿತು.

ಫ್ರಿಜ್ಜು ಕೈಗಾಡಿಯ ಮೇಲೆ ಬಂತು. ಕೃಷ್ಣರಾಜ ಮಾರುಕಟ್ಟೆಯ ಬಳಿ ಬಸ್ಸು, ಹೂವಿನ ಮಂಕರಿ, ತಲೆಹೊರೆಗಳ ನಡುವೆ ನಾನು ಗಾಡಿಯ ಹಿಂದೆ ಒಂದು ಕೈ ಅದರ ಬೆನ್ನಿಗೆ ಕೊಟ್ಟು ನಡೆದೆ. ಮಗಳನ್ನು ಧಾರೆಗೆ ಕರೆದೊಯ್ಯುವ ತಂದೆಯ ಗಾಂಭೀರ್ಯ ನನ್ನಲ್ಲಿತ್ತೆಂದು ಭಾವಿಸಿದ್ದೆ. ಹೂವಿನವಳೊಬ್ಬಳು, "ಯಾರ್ ಹೋಗ್ಬಿಟ್ರಣ್ಣಾ?" ಎಂದು ಕೇಳಿದಳು.

ಇನ್ನು ನನ್ನ ತಪ್ಪಿನ ವಿಷಯ. ಅದನ್ನು ಮರೆಮಾಚುವುದಿಲ್ಲ. ಫ್ರಿಜ್ಜಿನ ಜೊತೆ ಬಂದ ಪುಸ್ತಿಕೆಯಲ್ಲಿ ಸುತ್ತಲೂ ಗಾಳಿಯಾಡಲು ಜಾಗ ಬಿಡಿ ಎಂದು ಸ್ಪಷ್ಟವಾಗಿ ಬರೆದಿತ್ತು. ನಾನು ಅದನ್ನು ಎರಡು ಸಲ ಓದಿ, ಅದು ಜಾಗವಿದ್ದವರಿಗೆ ಬರೆದದ್ದು ಎಂದು ನಿರ್ಧರಿಸಿದೆ.

"ಹೊಗೆಗೂಡು ಏನ್ ಮಾಡಾಣ ಸಾರ್?" ಎಂದು ಮೇಸ್ತ್ರಿ ಕೇಳಿದ.

ನಾನು ತರ್ಕಬದ್ಧವಾಗಿ ಯೋಚಿಸಿದೆ. ಹೊಗೆಗೂಡು ಇರುವುದು ಗೂಡಿನೊಳಗಿದ್ದದ್ದನ್ನು ಮೇಲಕ್ಕೆ ಎಳೆದು ಹೊರಗೆ ಬಿಡಲು. ಒಲೆಯಿದ್ದಾಗ ಹೊಗೆ ಹೋಯಿತು. ಈಗ ಅದೇ ದಾರಿಯಲ್ಲಿ ತಂಪು ಹೋಗುತ್ತದೆ. ತಿಂಗಳು ತಿಂಗಳು ಕರೆಂಟು ಸುಟ್ಟು ಮಾಡಿದ ತಂಪನ್ನು ಚಾಮರಾಜಪೇಟೆಯ ಕಾಗೆಗಳಿಗೆ ಹಂಚುವುದೇ?

"ಮುಚ್ಚಿಬಿಡಪ್ಪಾ" ಅಂದೆ.

"ನೋಡಿ ಸಾರ್, ನಿಮ್ಮಿಷ್ಟ" ಅಂದ ಆತ. ಮೇಸ್ತ್ರಿಗಳು ಹಾಗಂದಾಗ ಎದ್ದು ಇನ್ನೊಮ್ಮೆ ಯೋಚಿಸಬೇಕೆಂಬ ಬುದ್ಧಿ ನನಗಾಗ ಇರಲಿಲ್ಲ.

ತಾರಸಿಯ ಮೇಲೆ ಹೊಗೆಗೂಡಿನ ಬಾಯಿಗೆ ಇಟ್ಟಿಗೆ ಬಿತ್ತು. ಫ್ರಿಜ್ಜನ್ನು ಗೂಡಿನೊಳಗೆ ತಳ್ಳಿದ ಮೇಲೆ ಬಡಗಿ ಬಂದು ನಾಲ್ಕೂ ಕಡೆ ಮರದ ಪಟ್ಟಿ ಹೊಡೆದ. ಹಸಿರು ಬಣ್ಣ ಬಳಿಯಲಾಯಿತು. ನಾನು ಬ್ಲೇಡು ತಂದು ಪರೀಕ್ಷಿಸಿದೆ. ತೂರಲಿಲ್ಲ. ಅವ್ವ ಫ್ರಿಜ್ಜಿನ ಬಾಗಿಲಿಗೆ ಅರಿಶಿನ ಕುಂಕುಮವಿಟ್ಟು, ಹೊಸ ಸೊಸೆಗೆ ಹೇಳುವಂತೆ, "ಕೊಟ್ಟಿದ್ದನ್ನ ನೆಟ್ಟಗೆ ಮಡಿಕ್ಕಳವ್ವಾ" ಅಂದಳು. ಬೀದಿಯವರು ಬಂದು ನೋಡಿ ಹೋದರು. ಗೋಡೆಯಲ್ಲಿ ಫ್ರಿಜ್ಜಿರುವ ಮನೆ ನಮ್ಮ ಬೀದಿಯಲ್ಲಿ ಅದೊಂದೇ. ಈ ವಿಷಯವನ್ನು ನಾನು ಯಾರಿಗೂ ಹೇಳಿಕೊಳ್ಳಲಿಲ್ಲ. ಕೇಳಿದವರಿಗೆ ಮತ್ತು ಕೇಳದವರಿಗೆ ವಿವರಿಸಿದೆ, ಅಷ್ಟೆ.

ಐದನೆಯ ದಿನ ಬೆಕ್ಕು ಹಿಂತಿರುಗಿತು. ಹಸಿರು ಪಟ್ಟಿಗೆ ಬೆನ್ನು ಒತ್ತಿ, ಹೊಟ್ಟೆ ಮೇಲೆ ಮಾಡಿ, ನಾಲ್ಕು ಕಾಲು ಚೆಲ್ಲಿ ಮಲಗಿತು.

"ನೋಡಿದ್ಯಾ ಅವ್ವಾ, ಬೆಕ್ಕೂ ಒಪ್ಕೊಂಡಿತು" ಅಂದೆ.

ಅವ್ವ ಬೆಕ್ಕನ್ನು ನೋಡಿದಳು, ಫ್ರಿಜ್ಜನ್ನು ನೋಡಿದಳು, ಏನೂ ಹೇಳಲಿಲ್ಲ. ಅವ್ವ ಏನೂ ಹೇಳದಿದ್ದರೆ ಹೆದರಬೇಕು. ನಾನು ಹೆದರಲಿಲ್ಲ.

ಎಂಟನೆಯ ದಿನ ಹಾಲು ಒಡೆಯಿತು. ಹತ್ತನೆಯ ದಿನ ಐಸು ಕರಗಿ ನೀರಾಯಿತು. ಮೋಟಾರು ಮೊದಲು ನಿಲ್ಲದೆ ಗುಂಯ್‌ಗುಟ್ಟಿತು, ಆಮೇಲೆ "ಟಕ್" ಎಂದು ನಿಂತಿತು, ಒಂದಷ್ಟು ಹೊತ್ತು ಬಿಟ್ಟು ಮತ್ತೆ ಹೊರಟು ಮತ್ತೆ ಟಕ್ ಎಂದಿತು. ವೋಲ್ಟೇಜು ದೋಷವೆಂದು ಸ್ಟೆಬಿಲೈಜರ್ ತಂದೆ. ಅದೂ ಟಕ್ ಎನ್ನತೊಡಗಿತು. ಈಗ ಅಡುಗೆಮನೆಯಲ್ಲಿ ಇಬ್ಬರು ಮಾತಾಡಿಕೊಳ್ಳುತ್ತಿದ್ದರು. ಯುಗಾದಿಗೆ ಉಳಿದದ್ದು ನಾಲ್ಕು ದಿನ.

ಹೆಂಡತಿ ಮತ್ತೆ ಮೂರು ಹೊತ್ತು ಹಾಲು ಕಾಯಿಸತೊಡಗಿದಳು. ಪಾತ್ರೆ ಮಾತ್ರ ಸ್ವಲ್ಪ ಜೋರಾಗಿ ಇಡುತ್ತಿದ್ದಳು.

ಮೆಕ್ಯಾನಿಕ್ ಬಂದ. ಫ್ರಿಜ್ಜಿನ ಹಿಂದೆ ಹೋಗಲು ನೋಡಿದ. ಹಿಂದೆ ಎಂಬುದೇ ಇರಲಿಲ್ಲ. "ಇದೇನ್ ಸಾರ್, ಗೋಡೇಲಿ ಗೋರಿ ಕಟ್ಟಿದಂಗೆ ಕಟ್ಟಿದೀರಾ?" ಅಂದ. ಪಟ್ಟಿ ಒಡೆದು ಫ್ರಿಜ್ಜು ಹೊರಗೆಳೆದು ವರ್ಕ್‌ಷಾಪಿಗೆ ಒಯ್ಯಬೇಕು, ಹಬ್ಬ ಕಳೆದು ಒಂದು ವಾರಕ್ಕೆ ಕೊಡುತ್ತೇನೆ ಎಂದ.

"ಅಲ್ಲೀವರೆಗೆ ಏನ್ ಮಾಡೋದಪ್ಪಾ?"

"ಐಸ್ ಬಾಕ್ಸ್ ತಗೊಳಿ ಸಾರ್" ಎಂದು ಉಪಕರಿಸಿ ಹೊರಟ.

ನಾನು ನಡುಮನೆಯಲ್ಲಿ ಕೂತೆ. ಒಲೆ ಹೋಗಿತ್ತು, ಫ್ರಿಜ್ಜು ನಿಂತಿತ್ತು, ಮಾವ ಬರುವುದಿತ್ತು. ತೊಡಕಿನ ದಿನ ಹೇಗೋ ವರ್ಷವೆಲ್ಲ ಹಾಗೆ. ಬರಲಿರುವ ಹನ್ನೆರಡು ತಿಂಗಳು ಹುಳಿಮೊಸರು ಮತ್ತು ಮಾವನ ಒಂದು ಮುಚ್ಚಿದ ಕಣ್ಣು ನನ್ನೆದುರು ಸಾಲಾಗಿ ನಿಂತವು.

ಆಗ ಅಡುಗೆಮನೆಯಿಂದ ಅವ್ವ ಕೂಗಿದಳು. "ಲೋ, ಬಾಲಾ ಇಲ್ಲಿ. ಬೆಕ್ಕು ಯಾಕೆ ಇಲ್ಲಿ ಬಿದ್ದೈತೆ, ಹೇಳು."

"ತಂಪಿಗೆ ಬಂದಿದೆ ಅವ್ವಾ."

"ನಿನ್ನ ಓದಿಸಿದ್ದಕ್ಕೆ ಇಷ್ಟೇಯಾ? ಬೆಕ್ಕು ತಂಪಿಗೆ ಬಂದಿದ್ದ ಎಲ್ಲಾದ್ರೂ ಕಂಡಿದ್ದೀಯಾ? ಕೈ ಇಕ್ಕು ಇಲ್ಲಿ."

ನನ್ನ ಕೈ ಹಿಡಿದು ಬೆಕ್ಕನ್ನು ಸರಿಸಿ ಪಟ್ಟಿಯ ಮೇಲಿಟ್ಟಳು. ಕೈ ತೆಗೆದುಕೊಂಡೆ. ರೊಟ್ಟಿ ಬೇಯಿಸುವಷ್ಟಲ್ಲದಿದ್ದರೂ ಹಪ್ಪಳ ಒಣಗಿಸುವಷ್ಟು ಕಾದಿತ್ತು.

"ಇದ್ರ ಮುಂದೆ ತಂಪು, ಹಿಂದೆ ಬಿಸಿ. ಒಳಗಿನ ಸೆಕೆನೆಲ್ಲ ತಗೊಂಡು ಬೆನ್ನಿಂದೆ ಹಾಕ್ತದೆ. ಅದು ಎಲ್ಲಿಗ್ಲಾ ಹೋಗಬೇಕು? ಮೂಗೂ ಮುಚ್ಚಿದ್ದೀಯಾ, ಬಾಯೂ ಮುಚ್ಚಿದ್ದೀಯಾ. ಒಲೆ ಆಗಿದ್ರೆ ಹೊಗೆ ಕಣ್ಣಿಗೆ ಬಂದು ನಿಂಗೆ ಆವತ್ತೇ ಗೊತ್ತಾಗ್ತಿತ್ತು. ಇದು ಪಾಪ, ಹೊಗೆ ಬಿಡಲ್ಲ. ಉಸಿರು ಕಟ್ಕೊಂಡು ಕೂತದೆ."

ಮೂವತ್ತು ವರ್ಷ ಒಂದೇ ಗೂಡಿನ ಮುಂದೆ ಕೂತು ಗಾಳಿ ಎತ್ತ ಎಳೆಯುತ್ತದೆಂದು ನೋಡಿದವಳ ಮಾತದು. ನಾನು ಓದಿದ ಭೌತಶಾಸ್ತ್ರವೂ ಅದನ್ನೇ ಹೇಳಿತ್ತು. ಆದರೆ ಅದು ನನ್ನಲ್ಲಿ ಪರೀಕ್ಷೆಯ ದಿನದವರೆಗೆ ಮಾತ್ರ ಉಳಿದಿತ್ತು.

"ಆದರೆ ಅವ್ವಾ," ಅಂದಳು ನನ್ನ ಹೆಂಡತಿ ಮೆಲ್ಲಗೆ. ಸಾಮಾನ್ಯವಾಗಿ ಅತ್ತೆ ಎನ್ನುವವಳು ಸಂಕಟ ಬಂದಾಗ ಅವ್ವಾ ಅನ್ನುತ್ತಿದ್ದಳು. "ಇದು ಕೆಟ್ಟರೆ ನಿಮ್ಮ ಒಲೆ ವಾಪಸ್ ಬರುತ್ತಲ್ಲ. ನೀವ್ಯಾಕೆ ಸರಿಮಾಡೋಕೆ ಹೋಗ್ತೀರಾ?"

ಅವ್ವ ಸೊಸೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಗೆದ್ರೆ ನೆಟ್ಟಗೆ ಗೆಲ್ಲಬೇಕು ಕಣವ್ವಾ. ನನ್ನ ಜಾಗದಲ್ಲಿ ಕೂತದ್ದು ಉಸಿರು ಕಟ್ಟಿ ಸಾಯೋದಾ? ಕರೀ ಆ ಮೇಸ್ತ್ರೀನ."

ಮೇಸ್ತ್ರಿ ಬಂದ. ತಾನು ಮುಂಚೆಯೇ ಹೇಳಿದ್ದೆನೆಂಬ ಮುಖ ಹೊತ್ತುಕೊಂಡೇ ಬಂದಿದ್ದ. ಈಗ ಕಾಮಗಾರಿಯ ಮುಖ್ಯಸ್ಥಳು ಅವ್ವ. ತಾರಸಿಯ ಮೇಲಿನ ಇಟ್ಟಿಗೆ ಕೀಳಿಸಿದಳು. ಮಳೆ ನೀರು ಬೀಳದಂತೆ ಹೊಗೆಗೂಡಿನ ತಲೆಗೆ ಮೊದಲಿದ್ದ ಹೆಂಚನ್ನೇ ನಾಲ್ಕು ಕಲ್ಲಿನ ಮೇಲೆ ಎತ್ತರಿಸಿ ಇಡಿಸಿದಳು. ಕೆಳಗೆ ನನ್ನ ಹಸಿರು ಪಟ್ಟಿಯನ್ನು ನೆಲದ ಮಟ್ಟಕ್ಕೆ ಒಂದು ಗೇಣು ಕತ್ತರಿಸಿ ಬಾಯಿ ಮಾಡಿಸಿದಳು. ಮೇಸ್ತ್ರಿ, ಹೆಂಡತಿ, ನಾನು ಮೂವರೂ ಸೇರಿ ಫ್ರಿಜ್ಜನ್ನು ಮುಂದಕ್ಕೆಳೆದು, ಹಿಂದೆ ಅರ್ಧ ಗೇಣು ಜಾಗ ಬಿಟ್ಟೆವು. ನಾನು ಅಳೆದು ನೋಡಿದೆ. ಪುಸ್ತಿಕೆ ಹೇಳಿದ್ದಕ್ಕಿಂತ ಎರಡು ಬೆರಳು ಹೆಚ್ಚೇ ಇತ್ತು.

ಆಮೇಲೆ ಅವ್ವ ಮೇಸ್ತ್ರಿಯನ್ನು ತಾರಸಿಗೆ ಹತ್ತಿಸಿ, ದೇವರ ಗೂಡಿನಿಂದ ಊದುಬತ್ತಿ ತಂದಳು. ಪೂಜೆಯೆಂದು ನಾನು ಕೈ ಮುಗಿದೆ.

"ಕೈ ಬಿಡ್ಲಾ, ಪೂಜೆಯಲ್ಲ" ಎಂದು ಕುಕ್ಕುರುಗಾಲಲ್ಲಿ ಕೂತು ಊದುಬತ್ತಿಯನ್ನು ಆ ಹೊಸ ಬಾಯಿಗೆ ಹಿಡಿದಳು. ಹೊಗೆ ಒಂದು ಕ್ಷಣ ಅತ್ತಿತ್ತ ನೋಡಿತು. ನೆಟ್ಟಗೆ ಒಳಗೆ ಹೋಯಿತು. ಗೋಡೆಯೊಳಗೆ ಅದು ಎಲ್ಲಿದೆಯೋ ಯಾರಿಗೂ ಕಾಣದು. ಆಮೇಲೆ ತಾರಸಿಯಿಂದ ಮೇಸ್ತ್ರಿಯ ಕೂಗು ಬಂತು.

"ಅಮ್ಮಾ! ವಾಸ್ನೆ ಬಂತಮ್ಮಾ! ದೇವಸ್ಥಾನದಂಗೆ ಬತ್ತಾ ಐತೆ!"

ಹೆಂಡತಿ ಚಪ್ಪಾಳೆ ತಟ್ಟಿಬಿಟ್ಟಳು. ಅವ್ವ ಮಾತ್ರ ಎದ್ದು ಮಂಡಿ ಉಜ್ಜಿಕೊಂಡು, "ನಮ್ಮಣ್ಣ ಕಟ್ಟಿದ ಗೂಡು, ಎಳೀದೆ ಏನ್ ಮಾಡ್ತದೆ?" ಅಂದಳು. ಸಂಜೆಯ ಹೊತ್ತಿಗೆ ಮೋಟಾರು ಸರಿಯಾದ ಕಾಲಕ್ಕೆ ನಿಂತು ಸರಿಯಾದ ಕಾಲಕ್ಕೆ ಹೊರಡತೊಡಗಿತು. ಮಾರನೆಯ ಬೆಳಿಗ್ಗೆ ಐಸು ಕಲ್ಲಾಗಿತ್ತು. ಬೆಕ್ಕು ಪಟ್ಟಿಗೆ ಬೆನ್ನು ಒತ್ತಿ ನೋಡಿ, ಮೋಸವಾಯಿತೆಂಬಂತೆ ಎದ್ದು, ತಾರಸಿಗೆ ಹೋಗಿ ಹೊಗೆಗೂಡಿನ ಪಕ್ಕ ಮಲಗಿತು. ಅದರ ಲೆಕ್ಕ ಯಾವತ್ತೂ ತಪ್ಪಿದ್ದಿಲ್ಲ.

ಹಬ್ಬಕ್ಕೆ ಎರಡು ದಿನ ಮುಂಚೆ ಹಾಲು ಹಿಡಿದೆವು. ಹೆಪ್ಪಾದ ಮೊಸರು ನಾಲ್ಕು ಪಾತ್ರೆ ತುಂಬಿ ಒಳಗೆ ಹೋಯಿತು. ಆ ಉತ್ಸಾಹದಲ್ಲಿ ಹೆಂಡತಿ ಒಂದು ಸಲಹೆ ಕೊಟ್ಟಳು.

"ಅತ್ತೆ, ಮಟನ್ನೂ ಹಬ್ಬದ ಮುಂಚೆ ತಂದಿಟ್ಬಿಟ್ರೆ? ತೊಡಕಿನ ದಿನ ಕ್ಯೂ ನಿಲ್ಲೋದು ತಪ್ಪುತ್ತೆ."

"ಯುಗಾದಿ ದಿನ ಮನೇಲಿ ಮಾಂಸ ಇರೋದಾ?"

"ಮನೇಲಿರಲ್ಲ ಅತ್ತೆ, ಫ್ರಿಜ್ಜಲ್ಲಿರುತ್ತೆ."

"ಫ್ರಿಜ್ಜು ಎಲ್ಲೈತೆ?"

"ಗೋಡೇಲಿ."

"ಗೋಡೆ ಯಾರ್ ಮನೇದು?"

ವಿಚಾರಣೆ ಮುಗಿಯಿತು. ತೊಡಕಿನ ಬೆಳಿಗ್ಗೆ ಬೆಳಕು ಹರಿಯುವ ಮುನ್ನ ಎಂದಿನಂತೆ ನಾನೇ ಚೀಲ ಹಿಡಿದು ಸಾಲಿನಲ್ಲಿ ನಿಂತೆ. ವಿಜ್ಞಾನಕ್ಕೂ ಒಂದು ಗಡಿಯಿದೆ.

ಹಿತ್ತಲಲ್ಲಿ ಮೂರು ಕಲ್ಲು ಹೂಡಿ ದೊಡ್ಡ ತಪ್ಪಲೆ ಏರಿತು. ಹತ್ತು ಗಂಟೆಗೆ ಊರಿನವರು ಬಂದರು. ಮಾವ ಚಪ್ಪಲಿ ಬಿಟ್ಟವರೇ ಯಾರನ್ನೂ ಮಾತಾಡಿಸದೆ ನೆಟ್ಟಗೆ ಅಡುಗೆಮನೆಗೆ ನಡೆದರು. ತಮ್ಮ ಒಲೆಯ ಜಾಗದಲ್ಲಿದ್ದ ಬಿಳಿ ಪೆಟ್ಟಿಗೆಯನ್ನು ನೋಡಿದರು. ಟವೆಲ್ಲು ಹೆಗಲಿನಿಂದ ಹೆಗಲಿಗೆ ಹೋಯಿತು.

"ಏನ್ಲಾ ಅಳಿಯಾ ಇದು? ನಾನು ಕಟ್ಟಿದ್ದ ಒಲೆ ಎಲ್ಲೋಯ್ತು?"

ನಾನು ಉತ್ತರಕ್ಕೆ ಬಾಯಿ ತೆರೆದೆ. ಅವ್ವ ನನಗಿಂತ ಮೊದಲು ಹೇಳಿದಳು. "ಮೊದಲು ಕೂತ್ಕೋ ಅಣ್ಣಯ್ಯಾ, ದಣಿದು ಬಂದಿದ್ದೀಯಾ."

ಫ್ರಿಜ್ಜಿನ ಬಾಗಿಲು ತೆರೆದು, ಒಂದು ಪಾತ್ರೆ ಮೊಸರು ತೆಗೆದು, ಅಲ್ಲೇ ಕಡೆದು, ಉಪ್ಪು ಶುಂಠಿ ಹಾಕಿ, ಹಿತ್ತಾಳೆ ಚೊಂಬಿನಲ್ಲಿ ಮಜ್ಜಿಗೆ ಕೊಟ್ಟಳು. ಚೊಂಬಿನ ಹೊರಮೈ ಬೆವತಿತ್ತು. ಮಾವ ಅದನ್ನು ಅನುಮಾನದಿಂದ ಒರೆಸಿದರು. ಎತ್ತಿದರು. ನಾನು ಅವರ ಕಣ್ಣುಗಳನ್ನೇ ನೋಡುತ್ತಿದ್ದೆ. ಅವುಗಳಲ್ಲಿ ಒಂದು ಮುಚ್ಚಿದರೆ ನನ್ನ ವರ್ಷ ಮುಗಿಯಿತು.

ಎರಡೂ ಮುಚ್ಚಿದವು. ಹಾಗೇ ಮುಚ್ಚಿಕೊಂಡು ಮಾವ ಚೊಂಬು ಪೂರ್ತಿ ಬರಿದು ಮಾಡಿದರು.

"ಹುಳಿನೇ ಇಲ್ಲ" ಅಂದರು, ಯಾರ ಮೇಲೋ ದೂರು ಕೊಡುವಂತೆ. "ಇನ್ನೊಂದು ಚೊಂಬು ಕೊಡು."

ಎರಡನೆಯದು ಮುಗಿದ ಮೇಲೆ ಅವ್ವ ಹೇಳಿದಳು. "ಒಲೆ ಎಲ್ಲಿಗೂ ಹೋಗಿಲ್ಲ ಅಣ್ಣಯ್ಯಾ. ನಂಬದಿದ್ರೆ ಮ್ಯಾಲೆ ಹೋಗಿ ಗೂಡಿಗೆ ಕೈ ಹಿಡಿದು ನೋಡು."

ಆ ವಯಸ್ಸಿನಲ್ಲಿ ಮಾವ ಏಣಿ ಹತ್ತಿದರು. ಹಿಂದೆ ಅರ್ಧ ಊರು ಹತ್ತಿತು. ಹೆಂಚಿನ ಸಂದಿಗೆ ಅಂಗೈ ಹಿಡಿದು ಮಾವ ಬಹಳ ಹೊತ್ತು ನಿಂತರು. ಬೆಚ್ಚನೆಯ ಗಾಳಿ ಅವರ ಬೆರಳುಗಳ ನಡುವಿನಿಂದ ಹೋಗುತ್ತಿತ್ತು. ಬೆಕ್ಕು ಅವರಿಗೆ ಜಾಗ ಬಿಟ್ಟುಕೊಡಲಿಲ್ಲ.

"ಉರೀತಾ ಐತೆ ಕಣಮ್ಮೀ!" ಎಂದು ತಾರಸಿಯಿಂದ ತಂಗಿಗೆ ಕೂಗಿದರು. ಬೀದಿಯ ಎರಡೂ ಬದಿಯಿಂದ ಜನ ತಲೆಯೆತ್ತಿ ನೋಡಿದರು. "ಸೌದೆ ಇಲ್ದೆ ಉರೀತಾ ಐತೆ!"

ಊಟಕ್ಕೆ ಕೂತಾಗ ಮಾವ ಎಲ್ಲರಿಗೂ ಸಾರಿದ್ದು ಇಷ್ಟು: ಫ್ರಿಜ್ಜು ಯಾರು ಬೇಕಾದರೂ ತರಬಹುದು, ಅದು ಕೆಲಸ ಮಾಡಬೇಕಾದರೆ ಗೂಡು ಕಟ್ಟಿದವನ ಕೈ ಚೆನ್ನಾಗಿರಬೇಕು. ನಾನು ವಿರೋಧಿಸಲಿಲ್ಲ. ಗೆದ್ದ ದಿನ ಮನುಷ್ಯ ಉದಾರವಾಗಿರಬೇಕು. ಅಲ್ಲದೆ ಅದು ನಿಜವೂ ಆಗಿತ್ತು.

ಆಮೇಲೆ ಫ್ರಿಜ್ಜಿನ ಆರೈಕೆಯೆಲ್ಲ ಅವ್ವನ ಪಾಲಿಗೇ ಹೋಯಿತು. ಹೊಗೆಗೂಡಿನ ಮಸಿ ಕೆಡವಲೆಂದು ಉದ್ದ ಕೋಲಿಗೆ ಕಟ್ಟಿಟ್ಟಿದ್ದ ಪೊರಕೆಯಿಂದ ಹದಿನೈದು ದಿನಕ್ಕೊಮ್ಮೆ ಹಿಂದಿನ ಕಪ್ಪು ಸರಳುಗಳ ಧೂಳು ಕೊಡವುತ್ತಿದ್ದಳು. ಅದಕ್ಕೆ ಮುಂಚೆ ಪ್ಲಗ್ಗು ಕೀಳುವುದು ಮಾತ್ರ ನನ್ನ ಅಧಿಕಾರ. ಶನಿವಾರ ಐಸು ಇಳಿಸುವ ದಿನ. ಐಸನ್ನು ಚಾಕುವಿನಲ್ಲಿ ಕೆತ್ತಲು ಹೋದ ನನಗೆ, "ಹಸೂನ ಕೆಚ್ಚಲಿಗೆ ಚಾಕು ಹಾಕ್ತಾರೇನ್ಲಾ? ಬಾಗಿಲು ತೆಗೆದಿಡು, ತಾನಾಗೇ ಬಿಡ್ತದೆ" ಎಂದಳು. ಬಾಗಿಲಿನ ರಬ್ಬರನ್ನು ಸೀಗೆಪುಡಿಯ ನೀರಲ್ಲಿ ಒರೆಸಿದಳು. ನವರಾತ್ರಿಯ ಆಯುಧಪೂಜೆಯಲ್ಲಿ ಈಳಿಗೆಮಣೆಯ ಪಕ್ಕ ಅದಕ್ಕೂ ಬೂದುಗುಂಬಳ ನಿವಾಳಿಸಿದಳು. ಹೆಂಡತಿ ಹಾಲನ್ನು ದಿನಕ್ಕೊಂದೇ ಸಲ ಕಾಯಿಸಿದಳು. ಉಳಿದ ಎರಡು ಹೊತ್ತು ಕುರ್ಚಿಯಲ್ಲಿ ಕೂತು, ಕಾಲು ನೀಡಿ, ಮಕ್ಕಳ ನೋಟ್‌ಪುಸ್ತಕ ತಿದ್ದಿದಳು. ಅದನ್ನು ನೋಡಲೆಂದೇ ನಾನು ಕೆಲವು ದಿನ ಕಚೇರಿಯಿಂದ ಬೇಗ ಬಂದಿದ್ದೇನೆ.

ಮುಂದಿನ ವರ್ಷ ಬೀದಿಯಲ್ಲಿ ಇನ್ನೂ ಮೂರು ಫ್ರಿಜ್ಜು ಬಂದವು. ಮೂರೂ ಮನೆಯವರು ಜಾಗ ತೋರಿಸಲು ಕರೆದದ್ದು ಮೆಕ್ಯಾನಿಕ್‌ನನ್ನಲ್ಲ. ಅವ್ವ ಊದುಬತ್ತಿ ಹಿಡಿದು ಹೋಗಿ ಬಂದಳು.

ನಮ್ಮದು ಆ ಗೂಡಿನಲ್ಲಿ ಹದಿನೇಳು ವರ್ಷ ನಡೆಯಿತು. ಒಲೆಯನ್ನು ಮತ್ತೆ ಕಟ್ಟಲಿಲ್ಲ.